ಬ್ಯಾಗ್ ಹೋಲ್‌ಸೇಲ್: ಪೇಟೆಯ ನಂಬಿಕೆ, ಲೆಕ್ಕದ ಸತ್ಯ

“ಬ್ಯಾಗೇನು ಟೊಮೆಟೊನಾ, ಕೊಳೆತುಹೋಗೋಕೆ? ಇವತ್ತಲ್ಲ ನಾಳೆ ಹೋಗುತ್ತೆ.” ಲೇಡೀಸ್ ಬ್ಯಾಗ್‌ಗಳ ಸಗಟು ವ್ಯಾಪಾರಕ್ಕೆ ಇಳಿಯುವವರಲ್ಲಿ ಅನೇಕರು ಈ ಧೈರ್ಯದಲ್ಲೇ ಗೋದಾಮು ತುಂಬಿಸುತ್ತಾರೆ. ಬಂಡವಾಳ ಕರಗುವುದೂ ಅಲ್ಲಿಂದಲೇ.

ಪೇಟೆಯಲ್ಲಿ ‘ಪಿಯು ಲೆದರ್’ ಎನ್ನುವುದು ಚರ್ಮವಲ್ಲ, ಬಟ್ಟೆಯ ಮೇಲೆ ಪಾಲಿಯುರಿಥೇನ್ ಲೇಪಿಸಿದ ಸರಕು. ಗಾಳಿಯ ತೇವ ಆ ಪದರವನ್ನು ಒಳಗೊಳಗೇ ಸಡಿಲಿಸುತ್ತದೆ; ಸೆಕೆ ಸೇರಿದರೆ ಇನ್ನೂ ಬೇಗ. ಬ್ಯಾಗನ್ನು ಯಾರೂ ಹೆಗಲಿಗೆ ಹಾಕಿರಬೇಕೆಂದೇನಿಲ್ಲ. ಕರಾವಳಿಯ ಕೆಲವು ಮಳೆಗಾಲ ಕಂಡ ಹಳೆಯ ಲಾಟ್ ಬಿಚ್ಚಿದರೆ ಹಿಡಿಕೆ ಮಡಿಸಿದ ಜಾಗದಲ್ಲಿ ಸಿಪ್ಪೆ ಎದ್ದಿರುತ್ತದೆ, ಮುಟ್ಟಿದ ಬೆರಳಿಗೆ ಹುಡಿ ಅಂಟುತ್ತದೆ. ಆಕಾರ ನಿಲ್ಲಲೆಂದು ಕ್ರೀಮ್ ಬಣ್ಣದ ಬ್ಯಾಗಿನೊಳಗೆ ಹಳೆ ಪೇಪರ್ ತುರುಕಿದ್ದರೆ ಲೈನಿಂಗ್‌ಗೆ ಮಸಿ ಹತ್ತಿರುತ್ತದೆ. ಇದರ ಮೇಲೆ ಬಣ್ಣದ ಪಾಡು ಬೇರೆ: ಮಾಲು ಬರುವುದು ಕಲರ್ ಸೆಟ್‌ನಲ್ಲಿ, ಕಪ್ಪು, ಕಂದು ಮೊದಲು ಖಾಲಿಯಾಗಿ ಹಳದಿ, ಹಸಿರು ಉಳಿದುಬಿಡುತ್ತವೆ. ಮೊದಲ ಖರೀದಿ ಚಿಕ್ಕದಾಗಿರಬೇಕು ಎಂದು ಪಳಗಿದ ವ್ಯಾಪಾರಿಗಳು ಹೇಳುವುದು ಸುಮ್ಮನೆ ಅಲ್ಲ.

ಒಂದೊಂದು ಬ್ಯಾಗಿನ ಮೇಲೆ ಹೆಚ್ಚು ಲಾಭ ಇಟ್ಟಷ್ಟೂ ಒಳ್ಳೆಯದು ಎಂಬ ಎಣಿಕೆಯೂ ಸಗಟಿನಲ್ಲಿ ನಿಲ್ಲುವುದಿಲ್ಲ. 3 ಲಕ್ಷ ರೂಪಾಯಿಯ ಸರಕಿಗೆ ಶೇ 25 ಲಾಭ ಇಟ್ಟು ವರ್ಷದಲ್ಲಿ ಎರಡು ಸಲ ಮಾರಿದರೆ ಸಿಗುವುದು ಒಂದೂವರೆ ಲಕ್ಷ. ಅದೇ ಹಣವನ್ನು ಶೇ 12ರ ಲಾಭದಲ್ಲಿ ಆರು ಸಲ ತಿರುಗಿಸಿದರೆ 2.16 ಲಕ್ಷ. ಬಾಡಿಗೆ, ಲಾರಿ ಖರ್ಚು ಕಳೆಯುವುದು ಆಮೇಲಿನ ಮಾತು.

ಹಣ ತಿರುಗದಂತೆ ಮಾಡುವುದು ಉದ್ರಿ. ಉದ್ಯಮ್ ನೋಂದಣಿ ಮಾಡಿಸಿಕೊಂಡರೆ 45 ದಿನದೊಳಗೆ ಬಾಕಿ ಬರಲೇಬೇಕು ಎಂದು ನಂಬಿದವರಿದ್ದಾರೆ. ಆ ರಕ್ಷಣೆ ಇರುವುದು ಸಣ್ಣ ತಯಾರಕರಿಗೆ ಮತ್ತು ಸೇವಾ ಉದ್ಯಮಗಳಿಗೆ. 2021ರ ಜುಲೈನಲ್ಲಿ ಸಗಟು, ಚಿಲ್ಲರೆ ವ್ಯಾಪಾರಿಗಳಿಗೂ ನೋಂದಣಿಯ ಬಾಗಿಲು ತೆರೆದ ಕೇಂದ್ರ ಸರ್ಕಾರ, ಅದರ ಲಾಭವನ್ನು ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತಗೊಳಿಸಿತು. ಅತ್ತ ನೋಂದಾಯಿತ ಸಣ್ಣ ತಯಾರಕರಿಂದ ಮಾಲು ತಂದ ವ್ಯಾಪಾರಿ ಮಾತ್ರ 15 ದಿನದಲ್ಲಿ, ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಡಮಾಡಿ ಬಾಕಿ ಮುಂದಿನ ವರ್ಷಕ್ಕೆ ಹೋದರೆ ಆದಾಯ ತೆರಿಗೆ ಲೆಕ್ಕದಲ್ಲಿ ಆ ಖರ್ಚೂ ಹಣ ಕೊಟ್ಟ ವರ್ಷಕ್ಕೇ ಹೋಗುತ್ತದೆ. ಅಂಗಡಿಯವರು ಮೂರು ತಿಂಗಳು ಸತಾಯಿಸಿದರೂ ಈತ ಕಾಯುವಂತಿಲ್ಲ.

ಜಿಎಸ್‌ಟಿ ವಿಷಯದಲ್ಲಿ ಅರ್ಧ ಸತ್ಯವೇ ಹೆಚ್ಚು ತೊಂದರೆ ಕೊಡುತ್ತದೆ. ಸರಕು ಮಾರುವವರಿಗೆ ಕರ್ನಾಟಕದಲ್ಲಿ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಬೇಡ, ನಿಜ. ಆದರೆ ಬೆಳಗಾವಿಯ ವ್ಯಾಪಾರಿ ಕೊಲ್ಹಾಪುರದ ಅಂಗಡಿಗೆ ಮಾಲು ಮಾರಿದರೆ ಈ ವಿನಾಯಿತಿ ಇಲ್ಲ, ನೋಂದಣಿ ಕಡ್ಡಾಯ. ಶೇ 1 ತೆರಿಗೆಯ ಕಾಂಪೊಸಿಷನ್ ಯೋಜನೆ ಸುಲಭವಾಗಿ ಕಂಡರೂ ಹೊರರಾಜ್ಯಕ್ಕೆ ಮಾರುವ ಅವಕಾಶ ಅದರಲ್ಲಿಲ್ಲ, ಗ್ರಾಹಕರಿಂದ ತೆರಿಗೆ ವಸೂಲಿ ಮಾಡುವಂತೆಯೂ ಇಲ್ಲ. ಹಾಗಾಗಿ ಕೊಂಡ ಅಂಗಡಿಯವರಿಗೆ ಇನ್‌ಪುಟ್ ಕ್ರೆಡಿಟ್ ಸಿಗದು. ಚರ್ಮದ ಬ್ಯಾಗಿಗೆ ತೆರಿಗೆ ಶೇ 18. ಸಾವಿರ ರೂಪಾಯಿಯ ಬ್ಯಾಗಿನ ಮೇಲೆ 180 ರೂಪಾಯಿ ಕ್ರೆಡಿಟ್ ಕೊಡಬಲ್ಲ ವ್ಯಾಪಾರಿ ಪಕ್ಕದಲ್ಲೇ ಇದ್ದರೆ ನೋಂದಾಯಿತ ಅಂಗಡಿಯವರು ಅಲ್ಲಿಗೇ ಹೋಗುತ್ತಾರೆ. ಹತ್ತಿ, ಸೆಣಬಿನ ಕೈಚೀಲಗಳಿಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇ 5ಕ್ಕೆ ಇಳಿದಿದೆ. ಹೊಸಬರು ಗಮನಿಸಬೇಕಾದ ಸಂಗತಿ ಇದು.

ಕೊನೆಯದು ಎಲ್ಲಕ್ಕಿಂತ ಅಪಾಯದ್ದು. ವಿದೇಶಿ ಬ್ರ್ಯಾಂಡ್‌ಗಳ ನಕಲನ್ನು “ಫಸ್ಟ್ ಕಾಪಿ ಅಂತ ಹೇಳಿಯೇ ಕೊಡುತ್ತೇವೆ, ಮೋಸ ಎಲ್ಲಿದೆ?” ಎಂದು ಮಾರುವವರಿದ್ದಾರೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 104ನೇ ಸೆಕ್ಷನ್ ಪ್ರಕಾರ ನಕಲಿ ಗುರುತಿನ ಸರಕನ್ನು ಮಾರುವುದಷ್ಟೇ ಅಲ್ಲ, ಮಾರಾಟಕ್ಕೆಂದು ಇಟ್ಟುಕೊಳ್ಳುವುದೂ ಅಪರಾಧ. ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ನಕಲಿ ಎಂಬುದು ತನಗೆ ತಿಳಿದಿರಲಿಲ್ಲ ಎಂದು ವಾದಿಸುವ ದಾರಿಯನ್ನೂ ‘ಫಸ್ಟ್ ಕಾಪಿ’ ಎಂಬ ಮಾತೇ ಮುಚ್ಚಿಬಿಡುತ್ತದೆ. ಸ್ವಂತ ಹೆಸರು ಕಟ್ಟುವುದು ದುಬಾರಿ ಎಂದು ನಕಲಿಗೆ ಇಳಿಯುವವರು ಒಂದು ಲೆಕ್ಕ ನೋಡಬೇಕು: ಬ್ಯಾಗುಗಳು ಸೇರುವ 18ನೇ ವರ್ಗದಲ್ಲಿ ಟ್ರೇಡ್ ಮಾರ್ಕ್‌ಗೆ ಆನ್‌ಲೈನ್ ಅರ್ಜಿ ಹಾಕಲು ಒಬ್ಬ ವ್ಯಕ್ತಿಗೆ ಸರ್ಕಾರಿ ಶುಲ್ಕ 4,500 ರೂಪಾಯಿ.