ಗ್ಯಾಲರಿಯಲ್ಲಿ ಸೇದಿದ ಸಿಗರೇಟು

"ಮನೇಲಿ ಮಗು ಇದೆ, ನಾನು ಗ್ಯಾಲರಿಗೆ ಹೋಗಿಯೇ ಸೇದೋದು." ಮುಂಬಯಿಯ ಚಾಳುಗಳಲ್ಲಿ ಅಪ್ಪಂದಿರು ಆಡುವ ಮಾತಿದು. ಸುಳ್ಳೇನಲ್ಲ. ಆದರೆ ಗ್ಯಾಲರಿ ಎಂದರೆ ಖೋಲಿಗಳ ಮುಂದಿನ ಉದ್ದ ಪಡಸಾಲೆ, ಹತ್ತಡಿಗೆ ಹತ್ತಡಿಯ ಖೋಲಿಯ ಬಾಗಿಲು ತೆರೆಯುವುದೇ ಅದಕ್ಕೆ. ಮಳೆಗಾಲದಲ್ಲಂತೂ ಇರಿಚಲಿಗೆ ಹೆದರಿ ಕಿಟಕಿಯನ್ನೂ ಮುಚ್ಚಿರುತ್ತಾರೆ, ಒಳಬಂದ ಹೊಗೆ ಅಲ್ಲೇ ನಿಲ್ಲುತ್ತದೆ.

ಸಿಗರೇಟಿನ ಹೊಗೆ ಎರಡು ಬಗೆ. ಸೇದುವವನ ಎದೆಗೆ ಹೋಗಿ ಹೊರಬಿದ್ದದ್ದು ಒಂದು, ಎರಡು ದಮ್ಮಿನ ನಡುವೆ ಬೆರಳ ಸಂದಿಯಲ್ಲಿ ಸುಮ್ಮನೆ ಉರಿಯುವ ತುದಿಯದು ಇನ್ನೊಂದು. ಪಕ್ಕದವರು ಕುಡಿಯುವುದರಲ್ಲಿ ಬಹುಪಾಲು ಎರಡನೆಯದೇ. ದಮ್ಮು ಎಳೆದಾಗ ಗಾಳಿ ನುಗ್ಗಿ ತುದಿ ಕೆಂಡವಾಗುತ್ತದೆ. ಬಿಟ್ಟಾಗ ಕಾವಿಳಿದು ಅರೆಬರೆ ಉರಿಯುತ್ತದೆ. ಹಸಿ ಸೌದೆಯ ಒಲೆ ಊದಿದವರಿಗೆ ಗೊತ್ತು, ಅರೆ ಉರಿಯ ಹೊಗೆ ಎಷ್ಟು ಕೆಟ್ಟದ್ದೆಂದು. (ಬೀಡಿಯಾದರೆ ಸೇದದಿದ್ದರೆ ನಂದಿಹೋಗುತ್ತದೆ. ಸಿಗರೇಟಿಗೆ ಆ ಸಂಕೋಚವಿಲ್ಲ.)

ಈ ಹೊಗೆ ಮಗುವಿಗೆ ಇನ್ನೂ ಹೆಚ್ಚು ತಾಗುತ್ತದೆ. ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ ಹಸುಗೂಸು 30ರಿಂದ 60 ಸಲ. ಎದ್ದು ಆಚೆ ಹೋಗುವ ಶಕ್ತಿಯೂ ಅದಕ್ಕಿಲ್ಲ. ಕೆಮ್ಮು, ಗೂರಲು, ನ್ಯುಮೋನಿಯಾದ ಅಪಾಯ ಹೆಚ್ಚುವುದು ಊಹಿಸಬಹುದಾದ್ದೇ. ಕಿವಿಯ ಕತೆ ಮಾತ್ರ ಹಲವರಿಗೆ ಹೊಸದು. ಮೂಗಿನ ಹಿಂಬದಿಯಿಂದ ನಡುಗಿವಿಗೆ ಹೋಗುವ ನಳಿಗೆ ಚಿಕ್ಕ ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡಕ್ಕೇ ಮಲಗಿರುತ್ತದೆ. ಹೊಗೆ ತಾಗಿ ಅದರ ಒಳಪೊರೆ ಊದಿಕೊಂಡರೆ, ಲೋಳೆ ಗುಡಿಸುವ ಸೂಕ್ಷ್ಮ ರೋಮಗಳು ಸೋತರೆ, ನೀರು ಒಳಗೇ ನಿಂತು ಸೋಂಕು ಹತ್ತುತ್ತದೆ. ಮಗುವಿನ ಕಿವಿ ಪದೇ ಪದೇ ಸೋರುತ್ತಿದ್ದರೆ, ಮನೆಯಲ್ಲಿ ಸೇದುವವರು ಯಾರೆಂದು ಡಾಕ್ಟರು ಕೇಳಲೇಬೇಕು.

ಮನೆಯಾಚೆ ಕಾನೂನು ನೆರವಿಗೆ ಬಂದಿದೆ. ಹಿಂದೊಮ್ಮೆ ಮುಂಬಯಿಯ ಮೇಯರ್ ಆಗಿದ್ದ ಮುರಳಿ ದೇವ್ರಾ ಹೂಡಿದ ದಾವೆಯಲ್ಲಿ 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆಸ್ಪತ್ರೆ, ಶಾಲೆ, ಸರ್ಕಾರಿ ಕಚೇರಿ, ರೈಲುಗಳಲ್ಲಿ ಧೂಮಪಾನ ನಿಲ್ಲಿಸಿತು. 2003ರಲ್ಲಿ ತಂಬಾಕು ನಿಯಂತ್ರಣದ ಕಾಯಿದೆ ಬಂತು, 2008ರ ಗಾಂಧಿ ಜಯಂತಿಯಿಂದ ಹೋಟೆಲು, ಖಾಸಗಿ ಆಫೀಸುಗಳಲ್ಲೂ ನಿಯಮ ಬಿಗಿಯಾಯಿತು. ಹೀಗೆ ಲೋಕಲ್ ಟ್ರೇನಿನ ಡಬ್ಬಿಯಲ್ಲಿ ಮಗುವಿಗೆ ಕಾನೂನಿನ ಕಾವಲಿದೆ, ಸ್ವಂತ ಖೋಲಿಯಲ್ಲಿಲ್ಲ. ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 2016–17ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೇಶದ ವಯಸ್ಕರಲ್ಲಿ ಶೇ. 38.7 ಮಂದಿಗೆ ಮನೆಯೊಳಗೇ ಬೇರೆಯವರ ಹೊಗೆ ತಾಗುತ್ತಿತ್ತು. ಅಂಥ ಮನೆಗಳಲ್ಲಿ ಮಕ್ಕಳೂ ಇರುತ್ತಾರಲ್ಲ.

ಇನ್ನು ಗ್ಯಾಲರಿಯ ವಿಷಯ. ದೇಹ ಸೇರಿದ ನಿಕೋಟಿನ್ ಕೋಟಿನಿನ್ ಆಗಿ ಮಾರ್ಪಟ್ಟು ಮೂತ್ರದಲ್ಲಿ ಸಿಗುತ್ತದೆ. ಸ್ವೀಡನ್ನಿನ ಸಂಶೋಧಕರು ಮಕ್ಕಳ ಮೂತ್ರದಲ್ಲಿ ಅದನ್ನು ಅಳೆದು 2004ರಲ್ಲಿ ಪ್ರಕಟಿಸಿದರು. ಸೇದದವರ ಮಕ್ಕಳಿಗೆ ಹೋಲಿಸಿದರೆ, ಒಳಗೇ ಸೇದುವವರ ಮಕ್ಕಳಲ್ಲಿ ಅದು ಸುಮಾರು ಹದಿನೈದು ಪಟ್ಟು. ಬಾಗಿಲು ಮುಚ್ಚಿ ಹೊರಗೆ ಸೇದಿದವರ ಮಕ್ಕಳಲ್ಲೂ ಸುಮಾರು ಎರಡು ಪಟ್ಟು. ಹೊರಗೆ ಹೋಗುವುದರಿಂದ ಲಾಭ ದೊಡ್ಡದೇ, ಪೂರ್ತಿಯಲ್ಲ.

ಹೊರಗೆ ಸೇದಿದರೂ ಒಳಬರುವ ಪಾಲು ಬರುವುದು ಬಟ್ಟೆ, ಕೂದಲು, ಉಸಿರಿನ ಜೊತೆ. ಗೋಡೆ, ಚಾಪೆಗಳಿಗೆ ಅಂಟಿದ ನಿಕೋಟಿನ್, ಗ್ಯಾಸ್ ಒಲೆ ಮತ್ತು ವಾಹನಗಳ ಹೊಗೆಯಿಂದ ಹುಟ್ಟುವ ನೈಟ್ರಸ್ ಆಮ್ಲದೊಡನೆ ಕೂಡಿ ಕ್ಯಾನ್ಸರ್‌ಕಾರಕ ನೈಟ್ರೋಸಮೀನುಗಳನ್ನು ಹುಟ್ಟಿಸುತ್ತದೆಂದು 2010ರಲ್ಲಿ ಅಮೆರಿಕದ ಬರ್ಕ್ಲಿ ಪ್ರಯೋಗಾಲಯ ತೋರಿಸಿತು. ಖೋಲಿಯಲ್ಲಿ ಒಲೆಯೂ ಅಲ್ಲೇ, ಚಾಪೆಯೂ ಅಲ್ಲೇ. ಸೇದಿ ಬಂದ ಅಪ್ಪ ಅಂಗಿ ಕಳಚಿ ನೇತುಹಾಕುವ ಗೂಟ, ಮಗು ಮಲಗಿದ ಸೀರೆಯ ಜೋಲಿಯಿಂದ ಒಂದು ಮಾರು ದೂರ.