ಮಾರ್ಮನ್ ಮತದ ದೀಕ್ಷಾಕ್ರಮ

ಅಮೆರಿಕೆಯ ನ್ಯೂಯಾರ್ಕ್ ಸಂಸ್ಥಾನದ ಪಾಲ್ಮೈರಾ ಎಂಬ ಊರಿನ ಬಳಿ, ಪರಸ್ಪರ ವಾದಿಸುತ್ತಿದ್ದ ಕ್ರೈಸ್ತ ಪಂಗಡಗಳಲ್ಲಿ ಸತ್ಯವಾದುದು ಯಾವುದೆಂದು ತಿಳಿಯದೆ ಕಳವಳಗೊಂಡ ಜೋಸೆಫ್ ಸ್ಮಿತ್ ಎಂಬ ಹದಿನಾಲ್ಕರ ಬಾಲಕನು 1820ರಲ್ಲಿ ಮನೆಯ ಸಮೀಪದ ತೋಪಿಗೆ ಹೋಗಿ ದೇವರನ್ನೇ ಕೇಳಿದನೆಂಬುದು ಮಾರ್ಮನ್ ಮತೀಯರ ಮೂಲವಿಶ್ವಾಸ. ಆತನೇ 1830ರ ಏಪ್ರಿಲ್ 6ರಂದು ಸ್ಥಾಪಿಸಿದ, ಈಗ ಸಾಲ್ಟ್ ಲೇಕ್ ಸಿಟಿಯನ್ನು ಕೇಂದ್ರವಾಗಿ ಉಳ್ಳ ಈ ಸಭೆಗೆ ಹೊಸಬರಾಗಿ ಸೇರುವವರೂ ಆ ಬಾಲಕನಂತೆ ತಾವೇ ಕೇಳಿ ತಿಳಿಯತಕ್ಕದ್ದೆಂಬ ನಿಯಮವು ಅದರ ದೀಕ್ಷಾಕ್ರಮಕ್ಕೆಲ್ಲ ಆಧಾರವಾಗಿದೆ.

ಬೋಧಿಸಲು ಬರುವವರು ಬಹುಮಟ್ಟಿಗೆ ತರುಣ ತರುಣಿಯರು. ಪುರುಷರು ಎರಡು ವರ್ಷ, ಸ್ತ್ರೀಯರು 18 ತಿಂಗಳು, ವೇತನವಿಲ್ಲದೆ, ಯಾವಾಗಲೂ ಜೊತೆಗಾರರೊಡನೆ ಊರೂರು ಸುತ್ತಿ, ಕ್ರಿಸ್ತನ ಸಭೆಯ ಪುನಃಸ್ಥಾಪನೆ, ಜೀವಾತ್ಮದ ಪೂರ್ವೋತ್ತರಗತಿ, ಪಶ್ಚಾತ್ತಾಪ, ಆಜ್ಞೆಗಳು ಮೊದಲಾದ ವಿಷಯಗಳನ್ನು ಕ್ರಮವಾಗಿ ತಿಳಿಸುತ್ತಾರೆ. ಪಾಠಗಳ ಜೊತೆಗೆ ಅವರ ಮುಖ್ಯ ಬಿನ್ನಹ ಇದು: ನಮ್ಮ ಧರ್ಮಗ್ರಂಥವಾದ ಮಾರ್ಮನ್ ಗ್ರಂಥವನ್ನು ಓದಿರಿ, ಅದು ಸತ್ಯವೋ ಅಲ್ಲವೋ ಎಂದು ದೇವರಲ್ಲಿ ಪ್ರಾರ್ಥಿಸಿ ಕೇಳಿರಿ.

ಉತ್ತರ ದೊರೆಯಿತೆಂದು ಮನಗಂಡವನ ಮುಂದೆ ಆಚಾರದ ಕಟ್ಟುಪಾಡು ನಿಲ್ಲುತ್ತದೆ. 1833ರಲ್ಲಿ ಪ್ರಕಟವಾದ ಆರೋಗ್ಯವಿಧಿಯಂತೆ ಮದ್ಯ, ತಂಬಾಕುಗಳ ಜೊತೆಗೆ ಕಾಫಿ, ಚಹಗಳನ್ನೂ ಬಿಡಬೇಕು. ಆದಾಯದ ದಶಮಾಂಶವನ್ನು ಸಭೆಗೆ ಅರ್ಪಿಸಬೇಕು. ದಾಂಪತ್ಯಶುದ್ಧಿಯನ್ನೂ ಭಾನುವಾರದ ವಿಶ್ರಾಂತಿಯನ್ನೂ ಪಾಲಿಸಬೇಕು. ಪಾಠ ಹೇಳಿದವರಲ್ಲದ ಬೇರೊಬ್ಬ ಅಧಿಕಾರಿಯು ಏಕಾಂತದಲ್ಲಿ ಪ್ರಶ್ನೆಗಳನ್ನು ಕೇಳಿ ಅಭ್ಯರ್ಥಿಯ ಸಂಕಲ್ಪವನ್ನು ಪರಿಶೀಲಿಸುತ್ತಾನೆ. ಅಪ್ರಾಪ್ತವಯಸ್ಕರಿಗೆ ತಂದೆತಾಯಿಗಳ ಅನುಮತಿಯೂ ವಿವಾಹಿತರಿಗೆ ಪತಿಯ ಅಥವಾ ಪತ್ನಿಯ ಸಮ್ಮತಿಯೂ ಬೇಕು.

ದೀಕ್ಷಾಸ್ನಾನವು ಎಂಟು ವರ್ಷ ತುಂಬದವರಿಗೆ ಸಲ್ಲದು. ಶ್ವೇತವಸ್ತ್ರವನ್ನುಟ್ಟ ಅಭ್ಯರ್ಥಿಯನ್ನು ಕೊಳದಲ್ಲಿ ನಿಲ್ಲಿಸಿ, ಯಾಜಕನು ಬಲಗೈಯನ್ನೆತ್ತಿ ವಿಧಿವಾಕ್ಯವನ್ನು ಉಚ್ಚರಿಸಿ, ಆತನನ್ನು ಸಂಪೂರ್ಣವಾಗಿ ನೀರಿನಲ್ಲಿ ಮುಳುಗಿಸಿ ಎತ್ತುತ್ತಾನೆ. ಕೂದಲಾಗಲಿ ಬಟ್ಟೆಯ ಅಂಚಾಗಲಿ ಮೇಲೆ ಉಳಿದುದನ್ನು ಇಬ್ಬರು ಸಾಕ್ಷಿಗಳು ಕಂಡರೆ ಮತ್ತೆ ಮುಳುಗಬೇಕು. ಅನಂತರ, ಸಾಮಾನ್ಯವಾಗಿ ಭಾನುವಾರದ ಆರಾಧನೆಯಲ್ಲಿ, ಹಿರಿಯರು ತಲೆಯ ಮೇಲೆ ಕೈಯಿರಿಸಿ ಸದಸ್ಯತ್ವವನ್ನು ಸ್ಥಿರಪಡಿಸಿ ಪವಿತ್ರಾತ್ಮನ ವರವನ್ನು ಕೋರುತ್ತಾರೆ.

ಸ್ಥಳೀಯ ಸಭೆಗಳಲ್ಲಿ ಸಂಬಳದ ಪುರೋಹಿತರಿಲ್ಲದ ಕಾರಣ ಹೊಸಬನಿಗೂ ಬೇಗನೆ ಒಂದು ಹೊಣೆ ಬರುತ್ತದೆ: ಮಕ್ಕಳಿಗೆ ಪಾಠ ಹೇಳುವುದೋ, ನೆರೆಯ ಕುಟುಂಬಗಳ ಯೋಗಕ್ಷೇಮವನ್ನು ವಿಚಾರಿಸುವುದೋ. ಒಂದು ವರ್ಷವಾದರೂ ಕಳೆದ ಮೇಲೆ, ಯೋಗ್ಯನೆನಿಸಿದರೆ, ಮಂದಿರದ ಉನ್ನತ ಸಂಸ್ಕಾರಗಳಿಗೆ ಆತನು ಅರ್ಹನಾಗುತ್ತಾನೆ. ಅಂಥ ಮಂದಿರವೊಂದನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ ಸಭೆಯು 2018ರಲ್ಲಿ ಘೋಷಿಸಿ, 2020ರ ಡಿಸೆಂಬರಿನಲ್ಲಿ ಭೂಮಿಪೂಜೆಗೆ ಸಮಾನವಾದ ವಿಧಿಯನ್ನು ನಡೆಸಿತು.

ಈ ಮತದ ತತ್ತ್ವಗಳನ್ನು ಒಪ್ಪುವುದೂ ಬಿಡುವುದೂ ಅವರವರ ಬುದ್ಧಿಗೆ ಸೇರಿದ್ದು; ಆದರೆ ನಂಬುವ ಮೊದಲು ಸ್ವತಃ ಕೇಳಬೇಕೆಂದೂ, ನಂಬಿದ ಮೇಲೆ ಸ್ವತಃ ದುಡಿಯಬೇಕೆಂದೂ ಒಬ್ಬ ಸಾಮಾನ್ಯ ಮನುಷ್ಯನ ಮೇಲೆ ಅದು ಇರಿಸುವ ಭರವಸೆಯು ಗೌರವಾರ್ಹವಾದುದೆಂಬುದರಲ್ಲಿ ಸಂದೇಹವಿಲ್ಲ.