ಕಪ್ಪು ಹೊಗೆ ಬಲದ ಗುರುತಲ್ಲ

ಟಿಲ್ಲರ್ ಕಪ್ಪು ಹೊಗೆ ಉಗುಳಿದರೆ 'ಇಂಜಿನ್ನಿಗೆ ಬಲ ಇತ್ತ್, ಹೊಗಿ ಕಾಣಿ' ಎನ್ನುವವರು ಕುಂದಾಪುರದ ಕಡೆ ಈಗಲೂ ಇದ್ದಾರೆ. ಅದು ಬಲವಲ್ಲ. ದುಡ್ಡು ಕೊಟ್ಟು ತಂದ ಡೀಸೆಲ್ ಪೂರ್ತಿ ಉರಿಯದೆ ಮಸಿಯಾಗಿ ಹೋಗುವುದು.

ಕಳೆದ ವರ್ಷ ನನ್ನ ಟಿಲ್ಲರಿನ ಎಳೆತ ಕಮ್ಮಿಯಾಯಿತು. ಒಂದು ವರ್ಕ್‌ಶಾಪಿನವರು ಪಂಪಿನಲ್ಲಿ ಡೀಸೆಲ್ ಏರಿಸಿಕೊಟ್ಟರು. ಹೊಗೆ ಹೆಚ್ಚಿತು, ಎಳೆತ ಹೆಚ್ಚಲಿಲ್ಲ. ಕಾರಣ ಗೊತ್ತಾದದ್ದು ಎಂಜಿನಿಯರಿಂಗ್ ಓದುವ ಅಕ್ಕನ ಮಗಳು ರಜೆಗೆ ಬಂದಾಗ. 'ಮಾವ, ಸಿಲಿಂಡರಿನ ಒಳಗೆ ಎಂತ ಆತ್ ಅಂತ ಇಲ್ಲಿ ಕಾಣಿ' ಎಂದು ಕಂಪ್ಯೂಟರಿನಲ್ಲಿ ಬಣ್ಣದ ಚಿತ್ರ ತೋರಿಸಿದಳು.

ಲೆಕ್ಕ ಹಾಕುವುದು ಹೇಗೆ?

ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು-ಹದಿನೆಂಟರಲ್ಲಿ ಒಂದು ಪಾಲಿಗೆ ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಅದಕ್ಕೆ ನಾಝಲ್ ಡೀಸೆಲನ್ನು ಮಂಜಿನಂತೆ ಚಿಮ್ಮಿಸುತ್ತದೆ, ತಾನಾಗಿ ಬೆಂಕಿ ಹತ್ತುತ್ತದೆ. ಇಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಒಂದು ಡಿಗ್ರಿ ತಿರುಗಲು ಸೆಕೆಂಡಿನ 12,000ದಲ್ಲಿ ಒಂದು ಪಾಲು ಸಾಕು. ಇದನ್ನು ಬರಿಗಣ್ಣಿನಿಂದ ನೋಡುವುದುಂಟೇ?

ಕಂಪ್ಯೂಟರಿನಲ್ಲಿ ಸಿಲಿಂಡರಿನ ಒಳಜಾಗವನ್ನು ಸಾವಿರಾರು ಪುಟ್ಟ ಕೋಣೆಗಳಾಗಿ ವಿಂಗಡಿಸುತ್ತಾರೆ. ಗದ್ದೆಯನ್ನು ಗಳಿಗೆ ಗಳಿಗೆಯಾಗಿ ಅಳೆದು ಎಲ್ಲಿ ನೀರು, ಎಲ್ಲಿ ಒಣಕಲು ಎಂದು ಬರೆದಿಟ್ಟ ಹಾಗೆ. ಪ್ರತಿ ಕೋಣೆಯಲ್ಲಿ ಗಾಳಿ ಎಷ್ಟು, ಡೀಸೆಲ್ ಎಷ್ಟು, ಬಿಸಿ ಎಷ್ಟು ಎಂದು ಕ್ಷಣಕ್ಷಣಕ್ಕೂ ಲೆಕ್ಕ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯ 1985ರಲ್ಲಿ ಹೊರತಂದ 'ಕಿವಾ' ಇಂಥ ಲೆಕ್ಕಕ್ಕೆ ಹೆಸರಾದ ಪ್ರೋಗ್ರಾಮ್. ಡೀಸೆಲಿನಲ್ಲಿ ನೂರಾರು ಬಗೆಯ ರಾಸಾಯನಿಕಗಳಿರುವುದರಿಂದ, ಲೆಕ್ಕಕ್ಕೆ ಹೆಚ್ಚಾಗಿ ಹೆಪ್ಟೇನ್ ಎಂಬ ಒಂದನ್ನೇ ಅದರ ಬದಲಿಗೆ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಬಂದ ಉತ್ತರವನ್ನು ನಿಜವಾದ ಇಂಜಿನ್ನಿನಲ್ಲಿ ಅಳೆದು ತಾಳೆ ನೋಡಲೇಬೇಕು.

ಎರಡು ವೈರಿಗಳು

ಡೀಸೆಲ್ ದಟ್ಟವಾಗಿ, ಗಾಳಿ ಸಾಲದೆ ಇರುವ ಕೋಣೆಯಲ್ಲಿ ಮಸಿ ಹುಟ್ಟುತ್ತದೆ. ಗಾಳಿಯೂ ಇದ್ದು ವಿಪರೀತ ಬಿಸಿಯಾದ ಕೋಣೆಯಲ್ಲಿ ನೈಟ್ರೋಜನ್ ಆಕ್ಸೈಡ್ ಹುಟ್ಟುತ್ತದೆ. ಇದು ಕಣ್ಣಿಗೆ ಕಾಣದ ವಿಷಗಾಳಿ. ಡೀಸೆಲ್ ಚಿಮ್ಮುವ ಟೈಮಿಂಗನ್ನು ತಡ ಮಾಡಿದರೆ ಇದು ಇಳಿಯುತ್ತದೆ, ಆದರೆ ಸಾಮಾನ್ಯವಾಗಿ ಮಸಿ ಏರುತ್ತದೆ. ಒಂದನ್ನು ಒತ್ತಿದರೆ ಇನ್ನೊಂದು ಏಳುತ್ತದೆ. ಅದಕ್ಕೇ ಇಂಜಿನ್ ಮಾಡುವವರಿಗೆ ಕಂಪ್ಯೂಟರ್ ಬೇಕು.

ಎಣ್ಣೆ ಬದಲಾದರೂ ಲೆಕ್ಕ ಬದಲು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಇಂಜಿನ್ ನೆಲಗಡಲೆ ಎಣ್ಣೆಯಲ್ಲಿ ಓಡಿತ್ತು. ಬ್ರಹ್ಮಾವರದಿಂದ ಬೈಂದೂರಿನ ತನಕ ನಾವು ಬೆಳೆಯುವ ಅದೇ ನೆಲಗಡಲೆ! ಆದರೆ ಹಸಿ ಎಣ್ಣೆ ಡೀಸೆಲಿಗಿಂತ ಬಹಳ ಮಂದ. ಹನಿ ದಪ್ಪವಾಗಿ ಸರಿಯಾಗಿ ಉರಿಯದು, ನಾಝಲ್ ಕಟ್ಟುತ್ತದೆ. ಅದನ್ನು ಬಯೋಡೀಸೆಲ್ ಮಾಡಿಯೇ ಬಳಸುವುದು ಕ್ಷೇಮ. ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿನ ಬನಾಪುರಮಠ ಮತ್ತು ಸಂಗಡಿಗರು ಹೊಂಗೆ, ಜಟ್ರೋಫ, ಎಳ್ಳೆಣ್ಣೆಗಳ ಬಯೋಡೀಸೆಲನ್ನು ಒಂದೇ ಸಿಲಿಂಡರಿನ ಇಂಜಿನ್ನಿನಲ್ಲಿ ಓಡಿಸಿ 2008ರಲ್ಲಿ ವರದಿ ಪ್ರಕಟಿಸಿದರು. ಮೂರರಲ್ಲಿ ಎಳ್ಳೆಣ್ಣೆಯದೇ ಮೇಲು ಎಂದು ಕಂಡಿತು.

ನಮ್ಮ ಕೈಯಲ್ಲಿರುವುದು

ಒಂದು ಲೀಟರ್ ಡೀಸೆಲ್ ಉರಿಯಲು ಸುಮಾರು 10,000 ಲೀಟರ್ ಗಾಳಿ ಬೇಕು. ನೆಲಗಡಲೆಗೆ ಒಣ ಹೂಟಿ ಮಾಡುವಾಗ ಏಳುವ ಧೂಳು ಏರ್ ಕ್ಲೀನರನ್ನು ಕಟ್ಟಿಸಿದರೆ ಈ ಗಾಳಿ ಎಲ್ಲಿಂದ ಬರಬೇಕು? ಆ ದಿನಗಳಲ್ಲಿ ದಿನವೂ ತೆಗೆದು ನೋಡಿ.

ನನ್ನ ಟಿಲ್ಲರಿನ ನಾಝಲನ್ನು ಟೆಸ್ಟಿಂಗಿಗೆ ಹಾಕಿಸಿದೆ. ಮಂಜಿನಂತೆ ಚಿಮ್ಮುವ ಬದಲು ಪಿಚಕಾರಿಯಂತೆ ಗೆರೆ ಹೊಡೆಯುತ್ತಿತ್ತು. ನಾಝಲ್ ಬದಲಿಸಿ, ಪಂಪನ್ನು ಮೊದಲಿನಂತೆ ಇಳಿಸಿದ ಮೇಲೆ ಹೊಗೆ ತಿಳಿಯಾಯಿತು, ಎಳೆತವೂ ಬಂತು. ನಾಝಲ್ ಚಿಮ್ಮುವಾಗ ಮಾತ್ರ ಎದುರು ಕೈ ಒಡ್ಡಬೇಡಿ. ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿದೆ. ಹಿಡಿಕೆ ಹಿಡಿದು ಟಿಲ್ಲರಿನ ಹಿಂದೆ ದಿನವಿಡೀ ನಡೆಯುವವರು ನಾವೇ. ಹೊಗೆ ಕಪ್ಪಾದರೆ ಪಂಪು ಏರಿಸುವ ಮೊದಲು ಗಾಳಿ ಮತ್ತು ನಾಝಲ್ ನೋಡಿ.